ಮೂರನೇ ಪ್ಯಾರಾ ಓದಿದ ಟೈಪಿಂಗ್ ಅಕ್ಕ

ಕಳೆದ ವಾರ ಕಚೇರಿಗೆ ಹೊಸ ಸ್ಟ್ಯಾಂಪ್ ಪ್ಯಾಡ್ ಬಂತು. ಮುಚ್ಚಳ ತೆಗೆದದ್ದೇ ತಡ, ಆ ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲೇ ಸಹಿಗೆಂದು ಬಂದ ಸುತ್ತೋಲೆ ಬಿದ್ದಿತ್ತು. ವಿಶ್ವವಿದ್ಯಾಲಯದವರು ಯಾರೂ ರಾಜಕೀಯ ಚಟುವಟಿಕೆಯಲ್ಲಿ ತೊಡಗಬಾರದು, ಕೆಲಸ ಮಾಡಿಸಿಕೊಳ್ಳಲು ಶಾಸಕರು, ಮಂತ್ರಿಗಳ ಬಳಿ ಹೋಗಬಾರದು, ಓದಿ ಸಹಿ ಹಾಕಿ ಎಂದಿತ್ತು. ನನಗಿಂತ ಮುಂಚೆ ಹನ್ನೊಂದು ಜನ ಸಹಿ ಹಾಕಿದ್ದರು. ಓದಿದವರು ಎಷ್ಟು ಜನವೋ... ನಾನು ಪೆನ್ನು ಕೆಳಗಿಟ್ಟು ಮೂರನೇ ಪ್ಯಾರಾ ಎಲ್ಲಿದೆ ಎಂದು ಹುಡುಕತೊಡಗಿದೆ. ಆ ಅಭ್ಯಾಸ ಹಿಡಿಸಿದವರು ನಮ್ಮ ಟೈಪಿಂಗ್ ಅಕ್ಕ.

ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯಲ್ಲಿ ವಿಶ್ವವಿದ್ಯಾಲಯದ್ದೊಂದು ಕಾಲೇಜಿತ್ತು. ನಾನು ಅಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಅವರು ಆಫೀಸಿನಲ್ಲಿ ಟೈಪಿಸ್ಟ್. ಬೆಟ್ಟದಪುರದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಮೇಜಿನ ಮೇಲೆ ಯಾವಾಗಲೂ ಎರಡು ಪೆನ್ನು, ಒಂದು ಆಫೀಸಿನದು, ಇನ್ನೊಂದು ಸ್ವಂತದ್ದು. ಸಂತೆಯಿಂದ ತರಬೇಕಾದ ಸಾಮಾನಿನ ಚೀಟಿಯನ್ನು ಅಪ್ಪಿತಪ್ಪಿಯೂ ಆಫೀಸಿನ ಪೆನ್ನಿನಲ್ಲಿ ಬರೆದವರಲ್ಲ. ಇದೆಂಥ ಮಡಿ ಎಂದು ನಾವು ಹುಡುಗಿಯರು ಆಡಿಕೊಂಡು ನಗುತ್ತಿದ್ದೆವು. ಎಂಥ ದಡ್ಡಿಯರು ನಾವು!

ನಾವು ಆರು ಜನ ಸರಗೂರಿನಾಚೆ ಕಾಡಂಚಿನ ಹಾಡಿ, ಹಳ್ಳಿಗಳವರು. ನಮ್ಮ ಕಡೆಗೆ ಕೊನೆಯ ಬಸ್ಸು ಮೂರೂವರೆಗೆ. ಲ್ಯಾಬು ಮುಗಿಯುತ್ತಿದ್ದುದು ನಾಲ್ಕೂವರೆಗೆ. ಬಸ್ಸು ತಪ್ಪಿದರೆ ಸರಗೂರಿನಿಂದಾಚೆ ನಡೆದೇ ಹೋಗಬೇಕು, ಅದೂ ಮುಸ್ಸಂಜೆಗೆ ಆನೆ ಇಳಿಯುವ ದಾರಿಯಲ್ಲಿ. ಹಾಗಾಗಿ ಲ್ಯಾಬು ಅರ್ಧಕ್ಕೆ ಬಿಟ್ಟು ಓಡುತ್ತಿದ್ದೆವು. ಪರೀಕ್ಷೆಗೆ ಮೂರು ತಿಂಗಳಿದೆ ಎನ್ನುವಾಗ ಹಾಜರಾತಿ ಸಾಲದು, ಹೀಗಾದರೆ ಹಾಲ್ ಟಿಕೆಟ್ ಇಲ್ಲ ಎಂದರು. ಒಂದು ಸಲ ಪರೀಕ್ಷೆ ತಪ್ಪಿದರೆ ನಮ್ಮಲ್ಲಿ ಯಾರನ್ನೂ ಮನೆಯವರು ಮತ್ತೆ ಕಾಲೇಜಿಗೆ ಕಳಿಸುತ್ತಿರಲಿಲ್ಲ. ಬಸ್ಸಿನ ಹೊತ್ತು ಬದಲಾಯಿಸಿ ಎಂದು ಡಿಪೋಗೆ ಹೋಗಿ ಕೇಳಿಕೊಂಡರೆ, "ಎಮ್ಮೆಲ್ಲೆ ಕೈಲಿ ಒಂದ್ಮಾತು ಏಳಿಸ್ಕಂಬನ್ನಿ, ನೋಡವ" ಎಂದು ಸಾಗಹಾಕಿದರು.

ಸರಿ, ಶಾಸಕರಿಗೆ ಅರ್ಜಿ ಬರೆದೆವು. ಆದರೆ ನಮ್ಮ ಕಡೆ ಸೀಲಿಲ್ಲದ ಕಾಗದವನ್ನು ಯಾರು ಕಣ್ಣೆತ್ತಿ ನೋಡುತ್ತಾರೆ? ಪಡಿತರ ಚೀಟಿಯಿಂದ ಹಿಡಿದು ಜಾತಿ ಪ್ರಮಾಣಪತ್ರದವರೆಗೆ ಸೀಲಿಗಾಗಿಯೇ ಅಲೆದು ಬೆಳೆದವರು ನಾವು. ಅಕ್ಕ ಊಟಕ್ಕೆ ಎದ್ದುಹೋದ ಹೊತ್ತು ನೋಡಿ, ಅವರ ಮೇಜಿನ ಮೇಲಿದ್ದ ಕಾಲೇಜಿನ ಸೀಲನ್ನು ಎತ್ತಿಕೊಂಡು ನಾನೇ ಅರ್ಜಿಯ ಮೇಲೆ ಒತ್ತಿದೆ. ಮೊದಲ ಸಲ ಮಸುಕಾಗಿ ಬಿತ್ತೆಂದು ಇನ್ನೊಂದು ಸಲವೂ ಒತ್ತಿದೆ. ಆ ಕಾಗದ ಶಾಸಕರ ಕಚೇರಿ ಮುಟ್ಟಿತು. ಅಲ್ಲಿಂದ ನಮ್ಮ ಪ್ರಿನ್ಸಿಪಾಲರಿಗೆ ಫೋನು ಬಂತು.

ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲರು ಎಲ್ಲರನ್ನೂ ಆಫೀಸಿನ ಮುಂದೆ ನಿಲ್ಲಿಸಿ ಇಂಥದ್ದೇ ಒಂದು ಸುತ್ತೋಲೆ ಓದಿದರು. ಶಾಸಕರ ಹತ್ತಿರ ಹೋಗುವುದೇ ರಾಜಕೀಯ, ವಿಶ್ವವಿದ್ಯಾಲಯದಲ್ಲಿ ಅದು ನಿಷಿದ್ಧ ಎಂದರು. ಸೀಲು ಒತ್ತಿದವರು ಯಾರು ಹೇಳಿ, ಅವರನ್ನು ಡಿಬಾರ್ ಮಾಡುತ್ತೇನೆ ಎಂದು ಗುಡುಗಿದರು. ನನ್ನ ಬೆರಳ ತುದಿ ಇನ್ನೂ ನೇರಳೆಯಾಗಿತ್ತು. ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡೆ. ಅಕ್ಕ ನನ್ನನ್ನೊಮ್ಮೆ ನೋಡಿ ಮುಂದೆ ಬಂದರು.

"ಸೀಲು ನನ್ನ ಸುಪರ್ದಿನಲ್ಲಿತ್ತು ಸಾರ್. ಬೀಗ ಹಾಕದೆ ಹೋದದ್ದು ನನ್ನ ತಪ್ಪು. ಮೆಮೊ ನನಗೆ ಕೊಡಿ."

ನಾನು ಬಾಯಿ ಬಿಡಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ...

ಅಕ್ಕ ಮೆಮೊ ತೆಗೆದುಕೊಂಡರು, ಮಡಿಸಿ ಚೀಲಕ್ಕೆ ಹಾಕಿಕೊಂಡರು. ಅಳುತ್ತಾ ಕೂರುತ್ತಾರೆ ಎಂದುಕೊಂಡಿದ್ದೆವು. ಅವರು ಅರ್ಧ ದಿನದ ರಜೆ ಚೀಟಿ ಬರೆದು ಕೊಟ್ಟು, ಆಫೀಸಿನ ಪೆನ್ನನ್ನು ಮೇಜಿನ ಮೇಲೇ ಬಿಟ್ಟು, ಸ್ವಂತದ್ದನ್ನು ಮಾತ್ರ ಹಿಡಿದು ಗೇಟಿನಾಚೆ ನಡೆದರು. ಊಟದ ಬಿಡುವಿನಲ್ಲಿ ನಮ್ಮನ್ನೂ ಅಲ್ಲಿಗೇ ಬರಹೇಳಿದರು. ಗೇಟಿನ ಎದುರು ಹೊಂಗೆಮರದ ಕೆಳಗೆ ಟೀ ಅಂಗಡಿಯ ಬೆಂಚಿತ್ತು.

"ಕದ್ದು ಮಾಡೋವಂತದ್ದು ಏನಿತ್ರಮ್ಮ ಇದ್ರಲ್ಲಿ?" ಎಂದರು. ದನಿಯಲ್ಲಿ ಸಿಟ್ಟಿತ್ತು. "ಸಾಹೇಬ್ರು ಮೊದಲ್ನೇ ಪ್ಯಾರಾ ಓದಿ ನಿಲ್ಲಿಸ್ಬುಟ್ರು. ಅದನ್ನ ಟೈಪ್ ಮಾಡ್ದೋಳು ನಾನು. ಪೂರ್ತಿ ಓದ್ದೋಳೂ ನಾನೊಬ್ಳೇ. ಕಾಲೇಜಿನ ಹೆಸ್ರು, ಸೀಲು, ಕಾಗ್ದ, ಕೆಲ್ಸದ್ ಹೊತ್ತು, ಇವನ್ನ ಮುಟ್ಬೇಡಿ ಅಂತದೆ, ಅಷ್ಟೇಯ. ಸ್ವಂತ ಹೆಸ್ರಲ್ಲಿ, ಸ್ವಂತ ಹೊತ್ತಲ್ಲಿ ಕೇಳೋಕೆ ಅಡ್ಡಿಯಿಲ್ಲ ಅಂತ ಮೂರನೇ ಪ್ಯಾರಾದಲ್ಲದೆ. ಹೆದರ್ಕೊಳೋದಾದ್ರೂ ಪೂರ್ತಿ ಓದ್ಕಂಡು ಹೆದರ್ಕೊಳ್ರಮ್ಮ!"

ಪಕ್ಕದ ಅಂಗಡಿಯಲ್ಲಿ ಬಿಳಿ ಹಾಳೆ ಕೊಂಡು ತಂದು ಅಕ್ಕ ತಾವೇ ಅರ್ಜಿ ಬರೆದರು. ಎಲ್ಲಿಯೂ ಕಾಲೇಜಿನ ಹೆಸರಿಲ್ಲ. ನಮ್ಮ ಹೆಸರು, ಊರು, ಹಾಡಿ, ಬಸ್ಸಿನ ಹೊತ್ತು, ಆನೆಯ ದಾರಿ ಎಲ್ಲ ಒಂದೇ ಪುಟದಲ್ಲಿ. ಆರೂ ಜನ ಸಹಿ ಹಾಕಿದೆವು. ಆಮೇಲೆ ಅವರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಕೆಳಗೆ "ಬಿಕ್ಕಲಂ" ಎಂದು ಬರೆದು ತಮ್ಮ ಪೂರ್ತಿ ಹೆಸರು ಹಾಕಿದರು. ಹಳೆಯ ಕ್ರಯಪತ್ರಗಳ ಕೊನೆಯಲ್ಲಿ ಪತ್ರ ಬರೆದವರು ಯಾರೆಂದು ತಿಳಿಸುವ ಪದ ಅದು. ನಾನು ಹಾಳೆಯತ್ತ ಕೈ ಚಾಚಿದೆ.

"ಅಕ್ಕಾ, ನಿಮ್ಮೆಸ್ರು ಬ್ಯಾಡ ಕಣಕ್ಕ."

"ನಮ್ಮಪ್ಪ ಪಿರಿಯಾಪಟ್ಟಣದಲ್ಲಿ ಪತ್ರ ಬರೀತಿದ್ರು ಕಣಮ್ಮಿ. ಬರ್ದೋರ ಹೆಸ್ರಿಲ್ದಿದ್ರೆ ಅದು ಕದ್ದು ಬರ್ದ ಪತ್ರ ಅನ್ನೋರು."

ಭಾನುವಾರ ನಾವು ಆರೂ ಜನ ಶಾಸಕರ ಮನೆಗೇ ಹೋಗಿ ಅರ್ಜಿ ಕೈಗಿತ್ತೆವು. ಅವರು ಕೊನೆಯ ಸಾಲಿನವರೆಗೂ ಓದಿದರು. ತಿಂಗಳು ತುಂಬುವುದರೊಳಗೆ ಮೂರೂವರೆಯ ಬಸ್ಸು ಐದು ಗಂಟೆಗೆ ಹೊರಡತೊಡಗಿತು. ಬಿಟ್ಟ ಲ್ಯಾಬುಗಳನ್ನೆಲ್ಲ ಮತ್ತೆ ಮಾಡಿ ಹಾಜರಾತಿ ತುಂಬಿಸಿಕೊಂಡು ಆರೂ ಜನ ಪರೀಕ್ಷೆಗೆ ಕೂತೆವು. ಅಷ್ಟರಲ್ಲಿ ಅಕ್ಕನಿಗೆ ಕೆ.ಆರ್. ನಗರದಾಚೆಯ ಕೇಂದ್ರಕ್ಕೆ ವರ್ಗವಾಗಿತ್ತು. ಕಾರಣ ಕೇಳಿದರೆ ಆಡಳಿತದ ಹಿತದೃಷ್ಟಿ ಎಂದರಂತೆ. ಆ ಅರ್ಜಿಯೇ ಕಾರಣ ಎಂಬುದು ನಮಗೆಲ್ಲ ಗೊತ್ತಿತ್ತು. ನಮಗೆ ಬಸ್ಸು ಕೊಡಿಸಿದವರು ಆಮೇಲೆ ದಿನಕ್ಕೆ ನಾಲ್ಕು ಬಸ್ಸು ಹತ್ತಿಳಿಯಬೇಕಾಯಿತು.

ಹೊರಡುವ ದಿನ ಅವರು ಸೀಲು, ಬೀಗದ ಕೈ, ಆಫೀಸಿನ ಪೆನ್ನು ಎಲ್ಲವನ್ನೂ ಒಪ್ಪಿಸಿ ಗೇಟಿನ ಹತ್ತಿರ ಬಂದರು. ಅಲ್ಲಿ ಕಾಯುತ್ತಿದ್ದ ನನ್ನ ಕೈಯನ್ನು ತಿರುಗಿಸಿ ನೋಡಿ, "ಶಾಯಿ ಪೂರ್ತಿ ಹೋಯ್ತೇನಮ್ಮಿ?" ಎಂದರು. ನಾನು ಬಿಕ್ಕಿ ಬಿಕ್ಕಿ ಅತ್ತೆನೇ ಹೊರತು, ತಪ್ಪಾಯ್ತು ಅಕ್ಕ ಎನ್ನಲಿಲ್ಲ. ಇನ್ನೊಂದು ದಿನ ಹೋಗಿ ಹೇಳಿದರಾಯಿತು ಎಂದುಕೊಂಡೆ. ಆ ಇನ್ನೊಂದು ದಿನ ಬರಲೇ ಇಲ್ಲ... ಪಿರಿಯಾಪಟ್ಟಣದ ಬಸ್ ನಿಲ್ದಾಣದಲ್ಲಿ ಅವರ ತಂಗಿ ಸಿಕ್ಕಿ ವಿಷಯ ತಿಳಿಸಿದಾಗ, ಅಕ್ಕ ತೀರಿಕೊಂಡು ವರ್ಷವೇ ಆಗಿತ್ತು.

ಈಗ ನಾನು ಅದೇ ಕಾಲೇಜಿನ ಆಫೀಸಿನಲ್ಲಿದ್ದೇನೆ. ಐದು ಗಂಟೆಯ ಆ ಬಸ್ಸನ್ನು ಈ ವರ್ಷ ನಿಲ್ಲಿಸಿದ್ದಾರೆ. ಸರಗೂರಿನ ಕಡೆಯ ನಾಲ್ಕು ಹುಡುಗಿಯರು ಕಳೆದ ವಾರ ನನ್ನ ಮೇಜಿನ ಮುಂದೆ ಬಂದು ನಿಂತಿದ್ದರು. ಅದರ ಮರುದಿನವೇ ಬಂದದ್ದು ಈ ಸುತ್ತೋಲೆ. ಎರಡು ಸಲ ತಿರುವಿ ನೋಡಿದೆ. ಇದರಲ್ಲಿ ಎರಡೇ ಪ್ಯಾರಾ. ಮೂರನೆಯದನ್ನು ಯಾರೋ ಪುಣ್ಯಾತ್ಮರು ತೆಗೆದುಹಾಕಿದ್ದಾರೆ.

ತೆಗೆದರೆ ತೆಗೆಯಲಿ. ನನಗೆ ಅದು ಬಾಯಿಪಾಠ. ಸಹಿ ಹಾಕಬೇಕಾದ ಜಾಗದಲ್ಲಿ, "ಪೂರ್ತಿ ಓದಿದ್ದೇನೆ. ಸ್ವಂತ ಹೆಸರಿನಲ್ಲಿ, ಸ್ವಂತ ವೇಳೆಯಲ್ಲಿ ಮನವಿ ಮಾಡುವುದಕ್ಕೆ ಇದು ಅಡ್ಡಿಯೆಂದು ನಾನು ಒಪ್ಪುವುದಿಲ್ಲ" ಎಂದು ಬರೆದು ಆಮೇಲೆ ಸಹಿ ಹಾಕಿದೆ. ಅರ್ಧ ದಿನದ ರಜೆ ಬರೆದುಕೊಟ್ಟೆ. ಸೀಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಎರಡು ಸಲ ಎಳೆದು ನೋಡಿದೆ. ಗೇಟಿನೆದುರು ಆ ಹೊಂಗೆಮರ ಈಗಿಲ್ಲ, ರಸ್ತೆ ಅಗಲ ಮಾಡುವಾಗ ಕಡಿದರು. ಟೀ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅರ್ಜಿ ಬರೆದೆ. ಹುಡುಗಿಯರು ಒಬ್ಬೊಬ್ಬರಾಗಿ ಸಹಿ ಹಾಕಿದರು.

ಅವರಲ್ಲಿ ಚಿಕ್ಕವಳು ಹಾಳೆಯನ್ನು ಹಿಂದೆ ಮುಂದೆ ನೋಡಿ, "ಮೇಡಂ, ಇದ್ಕೆ ಸೀಲು ಬ್ಯಾಡ್ವಾ?" ಎಂದಳು.

"ಬ್ಯಾಡ ಕಣಮ್ಮಿ," ಎಂದೆ. ಹಾಳೆಯನ್ನು ನನ್ನ ಕಡೆಗೆ ಎಳೆದುಕೊಂಡು, ಕೆಳಗೆ ಬಿಕ್ಕಲಂ ಎಂದು ಬರೆದು ನನ್ನ ಪೂರ್ತಿ ಹೆಸರು ಹಾಕಿದೆ. ಮೆಮೊ ಬಂದರೆ ಬರಲಿ. ಅಕ್ಕನಿಗೆ ಹೇಳಬೇಕಾದದ್ದನ್ನು ಹೇಳಲು ನನಗೆ ಇನ್ನು ಇದೊಂದೇ ದಾರಿ.