ಆಲ್ಟಿಮೀಟರಿನ ಬೆನ್ನು

ನನ್ನ ತಮ್ಮ ಹಳೆಯ ವಿಮಾನಗಳಿಗೆ ಸುಳ್ಳು ಮೀಟರುಗಳನ್ನು ಮಾಡುತ್ತಾನೆ. ಸುಳ್ಳು ಎನ್ನುವುದು ಅವನದೇ ಮಾತು. ಹಾರಾಟ ನಿಲ್ಲಿಸಿ ಎಷ್ಟೋ ಕಾಲವಾದ ವಿಮಾನವನ್ನು ಯಾರಾದರೂ ಮತ್ತೆ ಅಣಿಗೊಳಿಸಲು ಹೊರಟಾಗ ರೆಕ್ಕೆ ಸಿಗುತ್ತದೆ, ಚಕ್ರ ಸಿಗುತ್ತದೆ. ಪೈಲಟ್ ಕೂರುವ ಜಾಗದ ಎದುರಿನ ಫಲಕದಲ್ಲಿ ಮಾತ್ರ ಬರೀ ದುಂಡು ತೂತುಗಳಿರುತ್ತವೆ. ಮೀಟರುಗಳನ್ನು ಯಾರೋ ಯಾವಾಗಲೋ ಬಿಚ್ಚಿಕೊಂಡು ಹೋಗಿರುತ್ತಾರೆ. ಆ ತೂತುಗಳನ್ನು ತುಂಬಿಸುವುದು ಇವನ ಕಸುಬು. ಹಳೆಯ ಫೋಟೋಗಳನ್ನು ಭೂತಗಾಜಿನಲ್ಲಿ ನೋಡಿ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಅಂಕಿ ಅಚ್ಚು ಹಾಕುತ್ತಾನೆ. ಹಿತ್ತಾಳೆ ತಗಡನ್ನು ಅರದಿಂದ ಉಜ್ಜಿ ಉಜ್ಜಿ ಮುಳ್ಳು ಮಾಡುತ್ತಾನೆ. ಕತ್ತಲಲ್ಲಿ ಹೊಳೆಯುವ ಬಣ್ಣ ಮುಪ್ಪಾದಾಗ ತಿರುಗುವ ಕಂದು ಹಳದಿಯನ್ನು ತರಲು ಬಿಳಿ ಬಣ್ಣಕ್ಕೆ ಟೀ ಡಿಕಾಕ್ಷನ್ ಬೆರೆಸುತ್ತಾನೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಬಂದವರು ಸೋಫಾದಲ್ಲಿ ಕೂತು ಎದ್ದರೆ ಬಟ್ಟೆಗೆ ಹಿತ್ತಾಳೆಯ ಪುಡಿ ಅಂಟಿರುತ್ತದೆ ಎಂದು ಅವನ ಹೆಂಡತಿ ನನ್ನ ಬಳಿ ದೂರುತ್ತಾಳೆ. ದೂರು ನ್ಯಾಯವಾದದ್ದೇ.

ಈ ಮೀಟರುಗಳು ಮುಂದಿನಿಂದ ಅಸಲಿ, ಹಿಂದಿನಿಂದ ಮುಚ್ಚಳ ಬಿಗಿದ ಡಬ್ಬಿ. ಬೆನ್ನು ಬೋಳಾಗಿರಬೇಕು ಎಂಬುದು ಅವನಂಥವರೆಲ್ಲ ಪಾಲಿಸುವ ಪದ್ಧತಿ. ಪ್ರದರ್ಶನಕ್ಕೆಂದು ಮಾಡಿದ್ದನ್ನು ಯಾರೂ ತಪ್ಪಿ ಹಾರುವ ವಿಮಾನದ ಪೈಪಿಗೆ ಜೋಡಿಸಬಾರದು, ಅದಕ್ಕಾಗಿ.

ನಮ್ಮಿಬ್ಬರ ನಡುವಿನವಳು ನನ್ನ ತಂಗಿ. ಅವಳ ಗಂಡ ನಿಜವಾದ ವಿಮಾನ ಮೀಟರುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಅವರು ನೋಡಿ ಸಹಿ ಹಾಕಿದ ಮೇಲೆಯೇ ಮೀಟರು ವಿಮಾನಕ್ಕೆ ಹೋಗುತ್ತಿತ್ತು. ತಮ್ಮನಿಗೆ ಅವರು ಭಾವ. ಇಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ. ಭಾವನವರು ಒಳ್ಳೆಯ ಮನುಷ್ಯ, ಆದರೆ ತಮ್ಮನನ್ನು ಕಂಡರೆ ಅವರ ನಾಲಿಗೆ ಸುಮ್ಮನಿರುತ್ತಿರಲಿಲ್ಲ.

"ಏನಪ್ಪಾ, ಇವತ್ತು ಎಷ್ಟು ಬೊಂಬೆ ಮಾಡ್ದೆ? ಕೀ ಕೊಟ್ರೆ ಕುಣಿಯುತ್ತಾ?" ಎಂದು ಎಲ್ಲರೆದುರು ಕೇಳುತ್ತಿದ್ದರು. ತಮ್ಮನೂ ನಗುತ್ತಿದ್ದ. ಕಿವಿ ಮಾತ್ರ ಕೆಂಪಾಗುತ್ತಿತ್ತು. ತಂಗಿ ಗಂಡನನ್ನು ಗದರಿದರೆ, ನಮ್ಮ ಭಾವ-ಮೈದುನರ ಮಧ್ಯೆ ನಿನಗೇನು ಕೆಲಸ ಎಂದು ಅವಳ ಬಾಯನ್ನೂ ಮುಚ್ಚಿಸುತ್ತಿದ್ದರು.

ತಮ್ಮ ಒಂದು ಆಲ್ಟಿಮೀಟರಿಗೆ ಬೆನ್ನು ಮಾಡಿದ್ದು ಈ ಉರಿಯಿಂದ. ಆಲ್ಟಿಮೀಟರ್ ಎಂದರೆ ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ತೋರಿಸುವ ಮೀಟರು. ಅದರ ಬೆನ್ನಿಗೆ ಒಂದು ಕೊಳವೆಯ ಮೂತಿಯಿದೆ. ಹೊರಗಿನ ಗಾಳಿಯ ಒತ್ತಡ ಅಲ್ಲಿಂದ ಒಳಕ್ಕೆ ಬಂದು ಮುಳ್ಳನ್ನು ಆಡಿಸುತ್ತದೆ. ತಮ್ಮ ಆ ಮೂತಿಯನ್ನು ಮಾಡಿದ, ಪೈಪು ತಿರುಗಿಸಿ ಬಿಗಿಯಲು ಅದಕ್ಕೆ ತಿರುಪಿನ ಮರೆಗಳನ್ನು ಕೊರೆದ, ತಯಾರಕರ ಹೆಸರಿನ ಪಟ್ಟಿ ಕೆತ್ತಿದ, ತೂಕ ಸರಿಹೋಗಲೆಂದು ಒಳಗೆ ಸೀಸ ತುಂಬಿದ. ಹಾರುವ ಮೊದಲು ಆ ದಿನದ ಒತ್ತಡಕ್ಕೆ ಹೊಂದಿಸಲು ಮುಂದೆ ಒಂದು ಗುಂಡಿ ಇರುತ್ತದೆ. ಅದನ್ನು ತಿರುಗಿಸಿದರೆ ಮುಳ್ಳುಗಳು ಜರುಗುವಂತೆ ಹಲ್ಲುಚಕ್ರವನ್ನೂ ಕೂರಿಸಿದ. ಒತ್ತಡಕ್ಕೆ ಹಿಗ್ಗಿ ಕುಗ್ಗುವ ತಗಡಿನ ಗೂಡು ಒಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಅಂದರೆ ಕಣ್ಣಿತ್ತು, ದೃಷ್ಟಿ ಇರಲಿಲ್ಲ.

ಆಗ ಭಾವನವರು ಹವ್ಯಾಸಿಗಳ ಒಂದು ಸಂಘಕ್ಕಾಗಿ ಎರಡು ಸೀಟಿನ ಹಳೆಯ ತರಬೇತಿ ವಿಮಾನವನ್ನು ಮತ್ತೆ ಹಾರಿಸುವ ಸಿದ್ಧತೆಯಲ್ಲಿದ್ದರು. ಅದರ ಗಡಿಯಾರ ಮಾತ್ರ ಎಲ್ಲೂ ಸಿಗದೆ, ಓಡದಿದ್ದರೂ ಚಿಂತೆಯಿಲ್ಲವೆಂದು ತಮ್ಮನ ಕೈಯಲ್ಲಿ ಮಾಡಿಸಿದ್ದರು. ಅದನ್ನು ಕೊಡಲು ಅವನು ವಿಮಾನದ ಶೆಡ್ಡಿಗೆ ಹೋದ ದಿನ ಬಣ್ಣ ಹೊಡೆಯಲೆಂದು ಫಲಕವನ್ನು ಬಿಚ್ಚಿದ್ದರು. ಪರೀಕ್ಷೆ ಮುಗಿದ ಮೀಟರುಗಳು ಹಸಿರು ಚೀಟಿ ಕಟ್ಟಿಕೊಂಡು ಮೇಜಿನ ಮೇಲೆ ಸಾಲಾಗಿದ್ದವು. ಭಾವನವರು ಕೈ ತೊಳೆಯಲು ಎದ್ದು ಹೋದರು. ಅವನು ನಿಜವಾದ ಆಲ್ಟಿಮೀಟರಿನ ಚೀಟಿ ಬಿಚ್ಚಿ, ಚೀಲದಲ್ಲಿ ತಂದಿದ್ದ ತನ್ನ ಆಲ್ಟಿಮೀಟರಿಗೆ ಕಟ್ಟಿ ಅದೇ ಜಾಗದಲ್ಲಿಟ್ಟ, ನಿಜವಾದದ್ದನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ.

ಭಾವನವರು ಬಂದು ಅದನ್ನು ಎತ್ತಿ, ಧೂಳು ಊದಿ, ಮತ್ತೆ ಅಲ್ಲೇ ಇಟ್ಟರು. ತಿಳಿಯಲಿಲ್ಲ. ಆ ಹೊತ್ತಿನಲ್ಲಿ ತನಗಾದ ಹಿಗ್ಗನ್ನು ತಮ್ಮ ನನಗೆ ಬಹಳ ದಿನಗಳ ಮೇಲೆ ಹೇಳಿದ, ತಲೆ ಬಗ್ಗಿಸಿಕೊಂಡು.

ಅಲ್ಲೇ ಹೇಳಿ ನಕ್ಕಿದ್ದರೆ ಅದು ಮನೆಯೊಳಗಿನ ತಮಾಷೆಯಾಗಿ ಮುಗಿಯುತ್ತಿತ್ತು. ಅವನಿಗೆ ಅಷ್ಟು ಸಾಲಲಿಲ್ಲ. ಬರುವ ವಾರ ಬಂಧುಬಳಗವನ್ನೆಲ್ಲ ಕರೆದು ಎಂಜಿನ್ ಓಡಿಸಿ ತೋರಿಸುವುದಿತ್ತು. ವಿಮಾನ ನೆಲದ ಮೇಲೆ ಒಂದು ಸುತ್ತು ಉರುಳಿ ಬಂದು ನಿಲ್ಲುವುದಷ್ಟೇ ಅಂದಿನ ಕಾರ್ಯಕ್ರಮ. ಅದಾದ ಮೇಲೆ, ಎಲ್ಲರೂ ನೋಡುತ್ತಿರುವಾಗ, ಚೀಲದಿಂದ ನಿಜವಾದದ್ದನ್ನು ತೆಗೆದು ಭಾವನ ಕೈಗಿಡಬೇಕು. ಎಲ್ಲರೆದುರು ತಿಂದದ್ದನ್ನು ಎಲ್ಲರೆದುರೇ ತೀರಿಸಬೇಕೆಂದು ಅವನ ಲೆಕ್ಕ.

ಆ ದಿನ ನಾನೂ ಹೋಗಿದ್ದೆ. ಶೆಡ್ಡಿನ ಮುಂದೆ ನಮಗೆಲ್ಲ ಕುರ್ಚಿ ಹಾಕಿದ್ದರು, ಎಣ್ಣೆಯ ವಾಸನೆ ಹೊಡೆಯುವ ಕುರ್ಚಿಗಳು. ಪೈಲಟ್ ನಿವೃತ್ತರಾದ ಒಬ್ಬ ಹೆಂಗಸು, ನನ್ನಷ್ಟಲ್ಲದಿದ್ದರೂ ವಯಸ್ಸಾದವರೇ. ಅವರು ಗಾಳಿ ನೋಡಿದರು, ಆಕಾಶ ನೋಡಿದರು. ಹಾರಲು ಅನುಮತಿ ಹೇಗೂ ಬಂದಿದೆ, ಇಂಥ ದಿನ ಮತ್ತೆ ಸಿಗುವುದಿಲ್ಲ, ಮೇಲೆ ಹೋಗಿ ಒಂದು ಸುತ್ತು ಹಾಕಿಕೊಂಡೇ ಬರುತ್ತೇನೆ ಎಂದರು. ಭಾವನವರ ಮುಖ ಅರಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮನೂ ಎರಡು ಸಲ ತಟ್ಟಿ ನಿಲ್ಲಿಸಿದ.

ಎದ್ದು ಭಾವನ ಹತ್ತಿರ ಹೋದ.

"ಭಾವ, ಒಂದ್ನಿಮಿಷ. ಆಲ್ಟಿಮೀಟರ್ ಗಾಜು ಒರೆಸ್ಬೇಕಿತ್ತು."

"ಒರೆಸಾಯ್ತು. ನೀನು ಹೋಗಿ ದೊಡ್ಡಕ್ಕನ ಪಕ್ಕ ಕೂತ್ಕೋ, ಬೊಂಬೆ ರಾಯ."

ಸುತ್ತ ನಿಂತವರು ನಕ್ಕರು. ತಮ್ಮ ಹಿಂದಿರುಗಿ ಬಂದು ನನ್ನ ಪಕ್ಕ ಕುಳಿತ. ಅವನು ಬೆವರುತ್ತಿದ್ದ. ಏನಾಯಿತು ಎಂದು ಕೇಳಿದೆ, ಏನಿಲ್ಲ ಎಂದ. ಪೈಲಟ್ ಹತ್ತಿ ಕುಳಿತು, ಗುಂಡಿ ತಿರುಗಿಸಿ, ಮುಳ್ಳುಗಳು ಹೇಳಿದಂತೆ ಕೇಳುವುದನ್ನು ಕಂಡು ಸರಿ ಎಂದು ತಲೆಯಾಡಿಸಿದರು. ಪ್ರೊಪೆಲ್ಲರ್ ತಿರುಗತೊಡಗಿತು. ಚಕ್ರದ ಮುಂದಿಟ್ಟ ಮರದ ತುಂಡುಗಳನ್ನು ಎಳೆಯಲು ಭಾವನವರು ಬಗ್ಗಿದರು. ತಮ್ಮ ಓಡಿದ. ಸದ್ದಿನಲ್ಲಿ ಒಂದು ಸಲ ಹೇಳಿದ್ದು ಕೇಳಿಸಲಿಲ್ಲ; ಭಾವನ ಕಿವಿಗೆ ಬಾಯಿ ಹಚ್ಚಿ ಮತ್ತೆ ಹೇಳಬೇಕಾಯಿತು. ಭಾವನವರು ಅವನ ಮುಖವನ್ನೊಮ್ಮೆ ನೋಡಿದರು. ಆಮೇಲೆ ವಿಮಾನದ ಎದುರು ನಿಂತು ಎರಡು ಕೈಗಳನ್ನೂ ಕತ್ತರಿಯಂತೆ ಎತ್ತಿ ಹಿಡಿದರು. ಎಂಜಿನ್ ನಿಂತಿತು.

ಏನಾಯಿತೆಂದು ಪೈಲಟ್ ಕೇಳಿದರು. ನಾವೂ ಎದ್ದು ಹತ್ತಿರ ಹೋದೆವು.

"ಆಲ್ಟಿಮೀಟರ್ ಕೆಲಸ ಮಾಡಲ್ಲ ಮೇಡಂ. ನಾನು ಸಹಿ ಹಾಕ್ಬಾರದಿತ್ತು. ಫಲಕ ಮತ್ತೆ ಕೂರಿಸಿದ್ಮೇಲೆ ಪೈಪು ಸೋರುತ್ತಾ ಅಂತ ಮಾತ್ರ ನೋಡ್ದೆ. ಮುಳ್ಳು ನೋಡ್ಲಿಲ್ಲ."

ಎಂದರು ಭಾವನವರು. ತಮ್ಮನ ಹೆಸರೆತ್ತಲಿಲ್ಲ. ನನಗೆ ಆಗಿನ್ನೂ ವಿಷಯ ಗೊತ್ತಿರಲಿಲ್ಲ, ಆದರೆ ತಮ್ಮನ ಮುಖ ಕಾಣುತ್ತಿತ್ತು. ಅದರಲ್ಲಿ ಒಂದು ಗಳಿಗೆ ನಿರಾಳ ಮೂಡಿತು, ಮೇಷ್ಟರು ಪಕ್ಕದವನಿಗೆ ಹೊಡೆಯಲು ತಿರುಗಿದಾಗ ಹುಡುಗರ ಮುಖದಲ್ಲಿ ಮೂಡುವಂಥದ್ದು. ಆಮೇಲೆ ತನ್ನ ಮುಖದಲ್ಲೇನಾಯಿತೆಂದು ಅವನಿಗೇ ತಿಳಿದಿರಬೇಕು. ಮುಖ ಕಪ್ಪಿಟ್ಟಿತು.

"ಅದು ನಂದು. ಅಸಲಿ ಅಲ್ಲ, ನಾನು ಮಾಡಿದ್ದು. ಕದ್ದು ಬದಲಾಯಿಸಿಟ್ಟೆ. ಭಾವನಿಗೆ ಗೊತ್ತಾಗುತ್ತಾ ನೋಡೋಣ ಅಂತ."

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪೈಲಟ್ ಕೆಳಗಿಳಿದು ಬಂದರು.

"ಇವತ್ತು ಎಲ್ಲಾ ತಿಳಿಯಾಗಿದೆ, ಕಣ್ಣಳತೇಲೇ ಇಳಿಸಿಬಿಡ್ತಿದ್ದೆ. ಆದ್ರೆ ಅದು ನಿಮಗೆ ಗೊತ್ತಿರ್ಲಿಲ್ವಲ್ಲ," ಎಂದು ಅವನಿಗೆ ಹೇಳಿ, ಕೈಗವಸು ಕಳಚುತ್ತ ಶೆಡ್ಡಿನೊಳಕ್ಕೆ ಹೋದರು. ಬಂದವರು ಒಬ್ಬೊಬ್ಬರಾಗಿ ಹೊರಡಲು ತಮ್ಮ ತಮ್ಮ ಚೀಲ ಹುಡುಕತೊಡಗಿದರು. ತಮ್ಮನೂ ತನ್ನ ಚೀಲ ಬಿಚ್ಚಿ, ಟವೆಲು ಸಮೇತ ನಿಜವಾದದ್ದನ್ನು ಕೊಟ್ಟ.

ಭಾವನವರು ಅದನ್ನು ಕೂರಿಸಲಿಲ್ಲ. ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಪರೀಕ್ಷಿಸಬೇಕು ಎಂದರು. ಮೊದಲು ಸುಳ್ಳು ಆಲ್ಟಿಮೀಟರನ್ನು ಹೊರತೆಗೆದು ಕನ್ನಡಕ ಹಾಕಿಕೊಂಡರು. ಬೆನ್ನನ್ನು ಬೆಳಕಿಗೆ ತಿರುಗಿಸಿದರು. ಮೂತಿಯ ಮರೆಗಳ ಮೇಲೆ ಉಗುರು ಆಡಿಸಿದರು, ಕೈಯಲ್ಲೇ ತೂಗಿ ನೋಡಿದರು. ಅವರು ಅವನ ಕೆಲಸವನ್ನು ಹಾಗೆ ನೋಡಿದ್ದು ಅದೇ ಮೊದಲು.

"ಬಹಳ ಚೆನ್ನಾಗಿ ಮಾಡಿದೀಯ ಕಣೋ. ಮರೆ ಎಲ್ಲೂ ಹರಿದಿಲ್ಲ," ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅಷ್ಟು ಕಾಲ ಅವನು ಬಾಯಿ ಬಿಟ್ಟುಕೊಂಡು ಕಾದಿದ್ದ ಮಾತು ಅದು. ಈಗ ಅವನು ತನ್ನ ಚಪ್ಪಲಿ ನೋಡುತ್ತ ನಿಂತಿದ್ದ.

ವಿಮಾನ ಮುಂದೊಂದು ದಿನ ಹಾರಿತು. ನಮ್ಮನ್ನು ಕರೆಯಲಿಲ್ಲ. ಆದರೆ ಅದಕ್ಕೂ ಮೊದಲು, ಎಂಜಿನ್ ನಿಲ್ಲಿಸಿದ ಆ ವಾರವೇ, ಭಾವನವರು ಸಹಿ ಹಾಕುವ ಅಧಿಕಾರವನ್ನು ಸಂಘಕ್ಕೆ ಒಪ್ಪಿಸಿ ಬಂದಿದ್ದರು. ಯಾರೂ ಕೇಳಿರಲಿಲ್ಲ; ಬೇಡವೆಂದು ಪೈಲಟ್ ಮನೆಗೇ ಬಂದು ಹೇಳಿದರೂ ಒಪ್ಪಲಿಲ್ಲ. ಮೀಟರುಗಳನ್ನು ಸರಿಪಡಿಸಿ ಕೊಡುತ್ತೇನೆ, ಸಹಿ ಬೇರೆಯವರದಿರಲಿ ಎಂದರು. ತಂಗಿ ಫೋನು ಮಾಡಿ ಅತ್ತಳು. ನಾನು ತಮ್ಮನನ್ನು ಕರೆದುಕೊಂಡು ಅವರ ಮನೆಗೆ ಹೋದೆ.

ಭಾವನವರು ಅಡುಗೆಮನೆಯ ಮೇಜಿನಲ್ಲಿ ಕುಳಿತು ಮಿಕ್ಸಿ ಬಿಚ್ಚಿದ್ದರು. ತಮ್ಮ ನಿಂತೇ ಮಾತಾಡಿದ. ತಪ್ಪೆಲ್ಲ ನನ್ನದು, ನಾನೇ ಸಂಘಕ್ಕೆ ಹೋಗಿ ಎಲ್ಲರೆದುರು ಇನ್ನೊಮ್ಮೆ ಹೇಳುತ್ತೇನೆ, ಏನು ಬೇಕಾದರೂ ಬರೆದುಕೊಡುತ್ತೇನೆ, ನೀವು ಮಾತ್ರ ಸಹಿ ಹಾಕುವುದನ್ನು ಬಿಡಬೇಡಿ ಎಂದ.

ಭಾವನವರು ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಬದಲಾಯಿಸಿದ್ದು ನಿಂದು. ಮುಳ್ಳು ನೋಡ್ದೆ ಸಹಿ ಹಾಕಿದ್ದು ನಂದು. ಅದನ್ನೂ ನೀನೇ ಹೊತ್ಕೊಂಡು ಹೋಗ್ಬೇಡ ಕಣೋ, ನನಗೇನು ಉಳಿಯುತ್ತೆ?"

ತಂಗಿ ಕಾಫಿ ತಂದಳು. ಭಾವನವರು ತಾವೇ ಎದ್ದು ಅವನಿಗೊಂದು ಕುರ್ಚಿ ಎಳೆದುಕೊಟ್ಟರು, ಮಿಕ್ಸಿಯ ಸ್ಕ್ರೂಗಳನ್ನು ಒಂದು ಬದಿಗೆ ಸರಿಸಿ ಲೋಟಕ್ಕೆ ಜಾಗ ಮಾಡಿದರು. ಅವನು ಕುಳಿತ. ಕಾಫಿ ಆರಿ ಕೆನೆಗಟ್ಟುವವರೆಗೂ ಅದನ್ನು ಮುಟ್ಟುವ ಧೈರ್ಯ ಅವನಿಗೆ ಬರಲಿಲ್ಲ.