ದುಂಡಗಿಲ್ಲದ ತೂತುಗಳು

ನಾನು ರೈಫಲ್ ಹಿಡಿದದ್ದು ನಲವತ್ತು ದಾಟಿದ ಮೇಲೆ. ಮುಂಬೈ ಪಕ್ಕದ ಠಾಣೆ ನಗರದಲ್ಲಿ, ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಆಫೀಸಿನಲ್ಲಿ ಕೆಲಸ, ಡೊಂಬಿವ್ಲಿಯಲ್ಲಿ ಮನೆ, ಗಂಡನಿಗೆ ಮಾಜಿವಾಡಾದ ಹತ್ತಿರ ಹೋಟೆಲು. ಇಂಥವಳಿಗೆ ಬಂದೂಕು ಯಾಕೆ ಎಂದು ಉಡುಪಿ ಕಡೆಯ ನಮ್ಮ ನೆಂಟರೆಲ್ಲ ಕೇಳಿ ಆಗಿದೆ. ನಿಜ ಹೇಳಬೇಕೆಂದರೆ, ನಾನು ಮಗಳನ್ನು ಶೂಟಿಂಗ್ ಕ್ಲಾಸಿಗೆ ಬಿಡಲು ಹೋದವಳು. ಅವಳು ಸ್ವಲ್ಪ ದಿನಕ್ಕೇ "ಬೋರ್ ಹೋತಯ್ ಮಮ್ಮಿ" ಎಂದು ಮರಾಠಿಯಲ್ಲಿ ಹೇಳಿ ಕ್ಲಾಸು ಬಿಟ್ಟಳು. ನಾನು ಉಳಿದುಕೊಂಡೆ.

ಭಾನುವಾರ ಬೆಳಿಗ್ಗೆ ಠಾಣೆಗೆ ಬಂದು, ಅಲ್ಲಿಂದ ನವಿ ಮುಂಬೈಯ ಟ್ರೇನು ಹಿಡಿದರೆ ಗುಡ್ಡದ ಬುಡದಲ್ಲಿ ರೇಂಜು. ಕ್ಲಬ್ಬಿನದೇ ಸಣ್ಣ ರೈಫಲ್ಲು, ಐವತ್ತು ಮೀಟರ್ ಆಚೆ ಕಾಗದದ ಗುರಿ. ಹೊಟ್ಟೆಯ ಮೇಲೆ ಮಲಗಿ, ಉಸಿರು ಅರ್ಧ ಬಿಟ್ಟು, ಬೆರಳು ಒತ್ತುವ ಆ ಗಳಿಗೆಯಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಅದಕ್ಕೇ ಹೋಗುತ್ತಿದ್ದೆ.

ಕಳೆದ ಮಳೆಗಾಲ ಮುಗಿದ ಮೇಲೆ ನನ್ನ ಗುರಿ ಕೆಟ್ಟಿತು. ಬಾಟಲಿಯ ಮುಚ್ಚಳದಲ್ಲಿ ಮುಚ್ಚಿಹೋಗುವಂತೆ ಬೀಳುತ್ತಿದ್ದ ಗುಂಡುಗಳು ಊಟದ ತಟ್ಟೆಯಷ್ಟು ಅಗಲಕ್ಕೆ ಚೆಲ್ಲಾಡತೊಡಗಿದವು. ಆ ವಾರಗಳಲ್ಲಿ ಕ್ಲಬ್ಬಿಗೆ ಮಾಮೂಲಿ ಗುಂಡು ಬಂದಿರಲಿಲ್ಲ. ಸ್ವಂತ ದಾಸ್ತಾನು ಇದ್ದವರು ಅದನ್ನೇ ಹೊಡೆದರು. ನನಗೆ ಕ್ಲಬ್ಬಿನ ಸ್ಟೋರಿನವರು ಬೇರೊಂದು ಪೆಟ್ಟಿಗೆ ಕೊಟ್ಟರು. ಸ್ವಲ್ಪ ಭಾರದ ಗುಂಡು, ಸದ್ದು ಕಡಿಮೆ, ಅಷ್ಟೇ ಎಂದರು. ಅದರ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಯಾಕೆಂದರೆ ಕಾರಣ ನನಗೆ ಮೊದಲೇ ಗೊತ್ತಿತ್ತು: ನನ್ನ ಕೈ.

ಅಮ್ಮನಿಗೆ ಕೈ ನಡುಗುವ ಕಾಯಿಲೆ ಇತ್ತು. ಅದು ಶುರುವಾದದ್ದು ಹೂ ಕಟ್ಟುವಾಗ. ಕಣ್ಣು ಮುಚ್ಚಿ ಮಲ್ಲಿಗೆ ಕಟ್ಟುತ್ತಿದ್ದವಳ ಗಂಟುಗಳು ಒಂದು ದಿನ ಸಡಿಲಾದವು, ಮೊಗ್ಗು ಜಾರಿ ಮಡಿಲಿಗೆ ಬಿದ್ದವು. "ಕೈ ಎನ್ನ ಪಾತೆರ ಕೇಣುಜಿ" ಎಂದು ತುಳುವಿನಲ್ಲಿ ಹೇಳಿ ನಕ್ಕಿದ್ದಳು. ಕೈ ನನ್ನ ಮಾತು ಕೇಳುವುದಿಲ್ಲ ಎಂದು. ಆಮೇಲೆ ಗುಂಡಿ ಹಾಕಲಾಗಲಿಲ್ಲ, ಲೋಟ ಹಿಡಿಯಲಾಗಲಿಲ್ಲ. ಕೊನೆಯ ವರ್ಷಗಳಲ್ಲಿ ನಾನೇ ತುತ್ತು ಕೊಡುತ್ತಿದ್ದೆ.

ಈಗ ನನ್ನ ಸರದಿ ಎಂದುಕೊಂಡೆ. ಆಫೀಸಿನಲ್ಲಿ ಚಹಾದ ಕಪ್ಪು ಎತ್ತಿದರೆ ಚಹಾ ಅಲುಗುತ್ತದೆಯೇ ಎಂದು ನೋಡುವುದು, ಸಹಿ ಅಮ್ಮನದರಂತೆ ಚಿಕ್ಕದಾಗಿದೆಯೇ ಎಂದು ನೋಡುವುದು. ಲೋಕಲ್ ಟ್ರೇನಿನ ಕಂಬಿ ಹಿಡಿದು ನಿಂತಾಗ ಕೈ ನಡುಗಿದರೆ ಅದು ಟ್ರೇನಿನದೋ ನನ್ನದೋ ತಿಳಿಯದೆ ಬೆವರುತ್ತಿದ್ದೆ. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಹಾಳಾದ ಗುರಿಕಾಗದಗಳನ್ನು ಸರಿಯಾಗಿ ನೋಡದೆ ಮುದ್ದೆ ಮಾಡಿ ಕಸಕ್ಕೆ ಹಾಕುತ್ತಿದ್ದೆ.

ಆ ಭಾನುವಾರ ನನ್ನ ಒಂದು ಗುಂಡು ಕಾಗದಕ್ಕೆ ತಗಲಲೇ ಇಲ್ಲ. ಟ್ರಿಗರ್ ಒತ್ತಿದೆ, ಪಕ್ಕದ ಸಾಲಿನ ಕಬ್ಬಿಣದ ಕಂಬಕ್ಕೆ ಬಡಿದ ಸದ್ದು ಬಂತು.

"ನಿಲ್ಲಸ್ರೀ! ಎಲ್ಲಾರೂ ರೈಫಲ್ ಕೆಳಗ ಇಡ್ರಿ!" ಕೋಚ್ ಕೂಗಿದರು. ಸೈನ್ಯದಿಂದ ನಿವೃತ್ತರಾಗಿ ಕಲ್ಯಾಣದಲ್ಲಿ ನೆಲೆಸಿದ್ದ ವಿಜಯಪುರದ ಮನುಷ್ಯ.

ಆಚೆ ಯಾರೂ ಇರಲಿಲ್ಲ, ಇರಲು ಬಿಡುವುದೂ ಇಲ್ಲ. ಆದರೂ ನನ್ನ ಕಣ್ಣಿಗೆ ಅಲ್ಲಿ ಯಾರೋ ಬಿದ್ದಂತೆಯೇ ಕಂಡಿತು. ಬೋಲ್ಟ್ ತೆರೆದು ರೈಫಲ್ ಖಾಲಿ ಮಾಡಿ ಎದ್ದೆ. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಸರ್, ನಾನು ಇನ್ನು ಬರುವುದಿಲ್ಲ," ಎಂದೆ.

"ಯಾಕ್ರೀ? ಮಾರಿ ಯಾಕ ಹಿಂಗ ಬಿಳಚಿಕೊಂಡೈತಿ?"

ಗಂಡನಿಗೆ ಹೇಳದ್ದನ್ನು ಅವರಿಗೆ ಹೇಳಿಬಿಟ್ಟೆ. ಅಮ್ಮನ ಕಾಯಿಲೆ, ನನ್ನ ಕೈ, ಎಲ್ಲ. ಅವರು ನಡೆದುಹೋಗಿ ನನ್ನ ಗುರಿಕಾಗದ ಕಿತ್ತು ತಂದು ಬೆಳಕಿಗೆ ಹಿಡಿದರು.

"ಇಲ್ಲಿ ನೋಡ್ರಿ. ಇದು ದುಂಡಗ ಐತೇನು?"

ತೂತುಗಳು ದುಂಡಗಿರಲಿಲ್ಲ. ಕೆಲವು ಮೊಟ್ಟೆಯ ಆಕಾರ. ಒಂದಂತೂ ಗುಂಡು ಅಡ್ಡಡ್ಡ ಮಲಗಿಕೊಂಡೇ ಕಾಗದ ಹರಿದು ಹೋದಂತಿತ್ತು.

"ಕೈ ನಡಗಿದ್ರ ಗುಂಡು ಬ್ಯಾರೆ ಕಡೆ ಹೋಗ್ತೈತಿ, ಖರೆ. ಆದ್ರ ಅಡ್ಡಡ್ಡ ಹೋಗೂದಿಲ್ರೀ. ಇದು ನಿಮ್ಮ ಕೈ ಮಾಡಿದ್ದಲ್ಲ."

ನಾನು ನಂಬಲಿಲ್ಲ. ಅವರು ಸ್ವಚ್ಛ ಮಾಡುವ ಸರಳಿಗೆ ಬಟ್ಟೆ ಬಿಗಿದು ನಳಿಗೆಯೊಳಗೆ ತೂರಿಸಿದರು. ಸರಳಿನ ಮೇಲೆ ಒಂದು ಗುರುತು ಹಾಕಿ ನಿಧಾನ ತಳ್ಳಿದರು. ಒಳಗಿನ ಸುರುಳಿ ಗೆರೆಗಳನ್ನು ಹಿಡಿದು ಸರಳು ತಾನೇ ತಿರುಗಿತು. ಗುರುತು ಪೂರ್ತಿ ಒಂದು ಸುತ್ತು ಬಂದಾಗ ನನ್ನ ಕೈಗೆ ಟೇಪು ಕೊಟ್ಟು, ಸರಳು ಎಷ್ಟು ಒಳಗೆ ಹೋಗಿದೆ ಅಳೆಯಿರಿ ಎಂದರು. ಹದಿನಾರು ಇಂಚು.

"ಹದಿನಾರು ಇಂಚಿಗೆ ಒಂದು ಸುತ್ತು. ಮಾಮೂಲಿ ಹಗುರ ಗುಂಡಿಗೆ ಇಷ್ಟ ತಿರುವು ಸಾಕು. ನಿಮಗ ಕೊಟ್ಟದ್ದು ಭಾರ, ಅದಕ್ಕ ಉದ್ದನೂ ಐತಿ. ಉದ್ದ ಗುಂಡು ನೆಟ್ಟಗ ಹೋಗಬೇಕಂದ್ರ ಇನ್ನೂ ಜೋರ್ ತಿರಗಬೇಕು, ಅಂದ್ರ ಒಂಬತ್ತು ಹತ್ತು ಇಂಚಿಗೇ ಒಂದು ಸುತ್ತು ಕೊಡೂ ನಳಿಗಿ ಬೇಕು. ಬುಗರಿ ಆಡಿಲ್ಲೇನು? ತಿರುಗೂದು ಸಾಲಲಿಲ್ಲಂದ್ರ ತಲಿ ಒಲದಾಡಿ ಬೀಳ್ತೈತಿ."

ಅವರು ತಮ್ಮ ಪೆಟ್ಟಿಗೆಯಿಂದ ಐದು ಹಗುರ ಗುಂಡು ತೆಗೆದು ನನ್ನ ಮುಂದಿಟ್ಟರು. "ಹೊಡೀರಿ."

ಅಷ್ಟು ಹೆದರಿಕೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ. ಇಲ್ಲಿಯವರೆಗೆ ಅನುಮಾನವಿತ್ತು, ಅನುಮಾನದಲ್ಲಿ ಒಂದಿಷ್ಟು ಜಾಗವಿತ್ತು. ಈ ಐದೂ ಚೆಲ್ಲಾಡಿದರೆ ನೆಪವೇ ಉಳಿಯುವುದಿಲ್ಲ. ಮಲಗಿದೆ. ಎದೆ ಬಡಿತಕ್ಕೆ ನಳಿಗೆಯ ತುದಿಯ ಮುಂಗುರಿ ಮೇಲೆ ಕೆಳಗೆ ಆಡುತ್ತಿತ್ತು. ಎದ್ದುಬಿಡಲೇ ಎನಿಸಿತು. ಮೊದಲನೆಯದನ್ನು ಹೊಡೆದೆ, ದುರ್ಬೀನಿನಲ್ಲಿ ನೋಡಲು ಧೈರ್ಯ ಬರಲಿಲ್ಲ. ಐದೂ ಮುಗಿಯುವವರೆಗೆ ನೋಡಲೇ ಇಲ್ಲ.

ಕಾಗದ ತಂದವರು ಅವರೇ. ಒಂದು ಮಾತ್ರ ಸ್ವಲ್ಪ ಎಡಕ್ಕೆ. ಉಳಿದ ನಾಲ್ಕು ಒಂದಕ್ಕೊಂದು ಅಂಟಿಕೊಂಡಿದ್ದವು. ಐದೂ ದುಂಡಗೆ, ಅಂಚು ಹರಿಯದೆ.

"ಆ ಎಡಕ್ಕ ಹೋದದ್ದು ನಿಮ್ಮದ," ಎಂದರು ಕೋಚ್. "ಟ್ರಿಗರ್ ಎಳದ್ರಿ. ಒತ್ತಬೇಕು, ಎಳೀಬಾರ್ದು." ಆ ಬೈಗುಳಕ್ಕೆ ನಾನು ಅತ್ತುಬಿಟ್ಟೆ. ಅವರು ಗಾಬರಿಯಾಗಿ ನೀರು ತರಲು ಹೋದರು. ಭಾರದ ಗುಂಡಿನ ಪೆಟ್ಟಿಗೆಯನ್ನು ಅವತ್ತೇ ಒಳಗಿಟ್ಟು ಬೀಗ ಹಾಕಿದರು.

ಸಂಜೆ ಹೋಟೆಲಿಗೇ ಹೋಗಿ ಗಂಡನಿಗೆ ಹೇಳಿದೆ. ಗಲ್ಲಾದಿಂದ ಎದ್ದು ಬಂದು ಎದುರಿಗೆ ಕೂತರು. "ಇಷ್ಟು ದಿನ ಒಬ್ಬಳೇ ಇಟ್ಟುಕೊಂಡು ಕೂತಿದ್ದೆಯಾ?" ಎಂದು ಕೇಳಿದರು. ಸಿಟ್ಟು ಬಂದಿತ್ತು. ಮಾರನೆಯ ವಾರ ಅವರೇ ಠಾಣೆಯ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಬೆರಳು ಕುಟ್ಟಿಸಿದರು, ನಡೆಸಿದರು, ಮಣಿಕಟ್ಟು ತಿರುಗಿಸಿ ನೋಡಿದರು. ಈಗ ಏನೂ ಕಾಣುವುದಿಲ್ಲ ಎಂದರು. ಮುಂದೆ? ಎಂದು ಕೇಳಿದೆ. "ಮುಂದಿನದನ್ನು ನಾನು ಹೇಗೆ ಹೇಳಲಿ?" ಎಂದರು.

ಹೊರಗೆ ಬಂದು ರಿಕ್ಷಾಕ್ಕೆ ಕಾಯುವಾಗ ಗಂಡ ನನ್ನ ಬಲಗೈ ಹಿಡಿದುಕೊಂಡರು. ನಡುರಸ್ತೆಯಲ್ಲಿ ಕೈ ಹಿಡಿಯುವ ಜಾತಿಯವರಲ್ಲ ಅವರು.