ಆರು ಬಾಯಿಗೆ ಒಂದೇ ಹೂಂ

ಬ್ರೈಲ್ ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಹೂಂ ಅಕ್ಕ ಎಂದು. ಹಾಜರಿ ಪುಸ್ತಕದಲ್ಲಿ ಬೇರೊಂದು ಹೆಸರಿತ್ತು ನಿಜ, ಆದರೆ ಅದು ಸಹಿ ಹಾಕುವುದಕ್ಕಷ್ಟೇ. ಈ ಹೆಸರು ಅಂಟಿಕೊಂಡದ್ದು ಕೆಲಸದಿಂದ. ಅಚ್ಚಿನ ಪುಸ್ತಕವನ್ನು ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಓದುವ ಚುಕ್ಕಿಗಳಿಗೆ ಇಳಿಸುವ ಹಳೆಯ ಪ್ರೋಗ್ರಾಂ ಒಂದಿತ್ತು. ಮಹಾ ಅನುಮಾನದ ಪ್ರಾಣಿ ಅದು. ಸಾಲಿನ ನಡುವೆ ಒಂದು ಅಡ್ಡಗೆರೆ ಕಂಡರೆ ಸಾಕು, ಅಲ್ಲೇ ನಿಂತು ಕೇಳುತ್ತಿತ್ತು: "ಇದು ಕಳೆಯುವ ಚಿಹ್ನೆಯೇ? ಹೌದಾದರೆ ಒಂದು, ಅಲ್ಲವಾದರೆ ಎರಡು ಒತ್ತಿ." ಅವಳು ಬಾಯಿಬಿಟ್ಟು ಹೂಂ ಎಂದೋ ಊಹೂಂ ಎಂದೋ ಹೇಳಿಯೇ ಗುಂಡಿ ಒತ್ತುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಅದೇ ಪಾಡು.

"ಆಫೀಸಲ್ಲಿ ದಿನವೆಲ್ಲ ಹೂಂ ಹೂಂ ಅಂತೀಯಂತೆ, ಮನೆಗೆ ಬಂದ್ರೆ ಎಲ್ಲದಕ್ಕೂ ಊಹೂಂ. ನಂಗೂ ಒಂದೆರಡು ಉಳಿಸ್ಕೊಂಡು ಬಾರೆ," ಎಂದು ಗಂಡ ಕಾಲೆಳೆಯುತ್ತಿದ್ದ.

"ಅಲ್ಲಿ ಕೇಳೋ ಪ್ರಶ್ನೆಗೊಂದು ಅರ್ಥ ಇರುತ್ತೆ ಕಣ್ರೀ," ಎನ್ನುತ್ತಿದ್ದಳು ಇವಳು.

ಉತ್ತರ ಸಿಕ್ಕ ಮೇಲಾದರೂ ಆ ಪ್ರೋಗ್ರಾಂ ಚುರುಕಾಗಿ ಮುಂದೆ ಹೋಗುತ್ತಿತ್ತೇ ಎಂದರೆ ಅದೂ ಇಲ್ಲ. ಪಾಠವನ್ನು ಮೊದಲಿನಿಂದ ಇನ್ನೊಮ್ಮೆ ಓದಿಕೊಂಡು, ಮೂರು ನಾಲ್ಕು ನಿಮಿಷ ಗರ ಬಡಿದಂತೆ ಕೂತಿದ್ದು, ಮುಂದಿನ ಗೆರೆಗೆ ಬಂದು ಮತ್ತೆ ಅದನ್ನೇ ಕೇಳುತ್ತಿತ್ತು. ಬರೆದ ಪುಣ್ಯಾತ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಅದರೊಳಗೆ ಕೈ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಕತೆ ಪುಸ್ತಕಕ್ಕೆ ಹೇಗೋ ನಡೆಯುತ್ತಿತ್ತು. ಗಣಿತದ ಪುಸ್ತಕವಾದರೆ ಸಾಲು ಸಾಲಿಗೂ ಗೆರೆ, ಒಂದೊಂದು ಪಾಠಕ್ಕೆ ಮೂರು ದಿನ.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಅಂಧ ಮಕ್ಕಳ ಶಾಲೆಯ ದೊಡ್ಡ ಟೀಚರ್ ಬಂದು ಕೂತರು. ಆ ವರ್ಷ ಒಂಬತ್ತು ಮಕ್ಕಳು ಗಣಿತ ತೆಗೆದುಕೊಳ್ಳುತ್ತೇವೆಂದು ಹಟ ಹಿಡಿದಿದ್ದರು. ಮೇಲಿನವರು ಒಪ್ಪಿದ್ದರು, ಆದರೆ ಅರ್ಜಿ ತುಂಬುವ ದಿನ ಪುಸ್ತಕ ಮಕ್ಕಳ ಕೈಯಲ್ಲಿರಬೇಕು ಎಂದಿದ್ದರು. ಇಲ್ಲದಿದ್ದರೆ ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಬೇಕು. ಅರ್ಜಿಗೆ ಹನ್ನೊಂದು ದಿನ ಉಳಿದಿತ್ತು. ಪುಸ್ತಕದಲ್ಲಿ ಹನ್ನೆರಡು ಪಾಠ.

"ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡಿ. ಸುಮ್ನೆ ಮಕ್ಕಳಿಗೆ ಆಸೆ ತೋರಿಸೋದು ಬೇಡ," ಎಂದರು ಟೀಚರ್.

ಕರಡು ತಿದ್ದುವ ಮೇಷ್ಟ್ರು ಆ ಕಡೆ ಮೇಜಿನಲ್ಲಿ ಹಾಳೆಯ ಮೇಲೆ ಬೆರಳಾಡಿಸುತ್ತಿದ್ದರು. ಹುಟ್ಟಿನಿಂದ ಕಣ್ಣಿಲ್ಲ. ಪಾಠ ಹೇಳಿದವರೂ ಅಲ್ಲ, ತಪ್ಪು ಹಿಡಿಯುವ ಖದರಿಗೆ ಬಂದ ಹೆಸರು ಅದು. "ನಂಗೂ ಹದಿನೈದನೇ ವಯಸ್ಸಲ್ಲಿ ಇದೇ ಹೇಳಿದ್ರು," ಎಂದರು ಅವರು. "ಪುಸ್ತಕ ಇಲ್ಲ, ಲೆಕ್ಕ ಬಿಡು, ಸಂಗೀತ ತಗೋ ಅಂತ. ನನ್ನ ಹಾಡು ಕೇಳಿದೋರೆಲ್ಲ, ಇವನಿಗೆ ಲೆಕ್ಕನೇ ಕೊಡಬೇಕಿತ್ತು ಅಂದ್ರು." ಹೇಳಿ ನಕ್ಕರು. ಹೂಂ ಅಕ್ಕನಿಗೆ ನಗು ಬರಲಿಲ್ಲ. ಆಗುತ್ತೆ ಎಂದುಬಿಟ್ಟಳು.

ಬಾಯಿ ಜಾರಿ ಹೇಳಿದ್ದಲ್ಲ ಅದು. ಕಂಪ್ಯೂಟರ್ ಹೊಸದು, ಪ್ರೋಗ್ರಾಂ ಮಾತ್ರ ಹಳೆಯದು ಎಂಬುದು ಅವಳ ತಲೆಯಲ್ಲಿ ಬಹಳ ದಿನದಿಂದ ಕೊರೆಯುತ್ತಿತ್ತು. ಒಂದು ಪ್ರೋಗ್ರಾಂ ಯೋಚಿಸುತ್ತಾ ಕೂತಾಗ ಇವಳೂ ಸುಮ್ಮನೆ ಕೂರಬೇಕೇಕೆ? ಅದನ್ನೇ ಆರು ಸಲ ಒಟ್ಟಿಗೆ ಓಡಿಸಿ ಆರು ಪಾಠ ಕೊಟ್ಟರೆ, ಐದು ಯೋಚಿಸುವಾಗ ಒಂದಾದರೂ ಕೇಳುತ್ತಿರುತ್ತದೆ. ಇಂಥ ಸಾಲು ಸಾಲು ಅಪ್ಪಣೆಗಳನ್ನು ಬರೆದಿಟ್ಟು ಕಂಪ್ಯೂಟರಿನ ಕೈಲಿ ಮಾಡಿಸುವುದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ. ಊಟದ ಬಿಡುವಿನಲ್ಲಿ ರಟ್ಟು ಹರಿದ ಕೈಪಿಡಿಯೊಂದನ್ನು ಓದಿ ಅವಳು ಚಿಕ್ಕಪುಟ್ಟ ಸ್ಕ್ರಿಪ್ಟ್ ಬರೆಯಲು ಕಲಿತಿದ್ದಳು. ಅವತ್ತೇ ಕೂತು ಹತ್ತು ಸಾಲು ಬರೆದಳು. ಆರೂ ಓಡತೊಡಗಿದವು.

ಓಡಿದ್ದೇನೋ ಓಡಿದವು. ಆದರೆ ಆರಕ್ಕೂ ಪರದೆ ಒಂದೇ, ಕೀಲಿಮಣೆ ಒಂದೇ. ಯಾವುದು ಕೇಳಿತೋ ಯಾವುದಕ್ಕೆ ಹೇಳಿದಳೋ ಆ ದೇವರಿಗೇ ಗೊತ್ತು. ಅಡುಗೆಮನೆಯ ಬಾಗಿಲಲ್ಲಿ ಆರು ಮಕ್ಕಳು ಒಟ್ಟಿಗೆ ನಿಂತು "ಅಮ್ಮಾ, ಹೋಗ್ಲಾ?" "ಅಮ್ಮಾ, ತಗೊಳ್ಳಾ?" ಎಂದು ಕೇಳಿದಾಗ ಅಮ್ಮ ಹೂಂ ಎಂದರೆ, ಎಲ್ಲಕ್ಕಿಂತ ಚುರುಕಾದದ್ದು ಅದನ್ನು ಎತ್ತಿಕೊಂಡು ಓಡುತ್ತದಲ್ಲ, ಹಾಗಾಯಿತು. ಮೂರನೇ ಪಾಠಕ್ಕೆ ಕೊಟ್ಟ ಉತ್ತರವನ್ನು ಐದನೆಯದು ನುಂಗಿತ್ತು. ಸಂಜೆ ಕರಡು ಮೇಷ್ಟ್ರ ಮೇಜಿಗೆ ಹೋಯಿತು.

"ಏನವ್ವಾ ಇದು," ಎಂದರು ಮೇಷ್ಟ್ರು, ಬೆರಳು ನಿಲ್ಲಿಸಿ. "ಐದು-ಆರು ಜನ ಬಸ್ಸಿಗೆ ಕಾಯ್ತಿದ್ರು ಅಂತ ಇರಬೇಕಲ್ವಾ? ಇಲ್ಲಿ ಐದರಲ್ಲಿ ಆರು ಕಳೆ ಅಂತಿದೆ. ಅಂದ್ರೆ ಮೈನಸ್ ಒಬ್ಬ ಮನುಷ್ಯ ಬಸ್ಸಿಗೆ ಕಾಯ್ತಿದ್ದಾನೆ. ಪಾಪ, ಅವನಿಗೆ ಸೀಟಾದ್ರೂ ಸಿಗುತ್ತೋ ಇಲ್ವೋ."

ಒಂದು ಇಡೀ ದಿನ ನೀರಲ್ಲಿ ಹೋಮ ಮಾಡಿದಂತಾಗಿತ್ತು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮ್ಯಾನೇಜರ್ ಬಂದು ಉಪಾಯ ಹೇಳಿದರು. "ನೋಡಮ್ಮ, ಗಣಿತದ ಪುಸ್ತಕ ತಾನೇ? ನೂರಕ್ಕೆ ತೊಂಬತ್ತು ಕಳೆಯೋ ಚಿಹ್ನೆನೇ ಇರುತ್ತೆ. ಎಲ್ಲದಕ್ಕೂ ಒಂದು ಅಂತ ಒತ್ತೋಕೆ ಸ್ಕ್ರಿಪ್ಟಿಗೇ ಹೇಳ್ಬಿಡು. ನಾಡಿದ್ದಿಗೆ ಮುಗಿದೋಗುತ್ತೆ."

"ಉಳಿದ ಹತ್ತು, ಸಾರ್?"

"ಮಕ್ಕಳು ಅರ್ಥ ಮಾಡ್ಕೋತಾರೆ ಬಿಡಮ್ಮ."

ಕಣ್ಣಿದ್ದವರ ಪುಸ್ತಕಕ್ಕೆ ಈ ಮಾತು ಹೇಳುತ್ತಿದ್ದರೇ ಇವರು? ಅವಳ ಮನಸ್ಸು ಒಪ್ಪಲಿಲ್ಲ. ಮರುದಿನ ಕೈಪಿಡಿ ಬಿಡಿಸಿಕೊಂಡು ಹಟಕ್ಕೆ ಬಿದ್ದು ಕೂತಳು. ಪ್ರತಿಯೊಂದು ಪ್ರೋಗ್ರಾಂಗೂ ಒಂದೊಂದು ಸುಳ್ಳು ಪರದೆ ಕಟ್ಟಿಕೊಡುವ ದಾರಿ ಅದರಲ್ಲಿತ್ತು. ತನ್ನೆದುರು ತನಗೇ ಮೀಸಲಾದ ಮನುಷ್ಯನೊಬ್ಬ ಕೂತಿದ್ದಾನೆ ಎಂದು ಅದು ನಂಬಬೇಕು. ಅಸಲಿಗೆ ಅಲ್ಲಿ ಇರುವುದು ಸ್ಕ್ರಿಪ್ಟ್. ಅದು ಆರು ಕಡೆಯಿಂದ ಬಂದ ಪ್ರಶ್ನೆಗಳನ್ನು ಸಾಲಾಗಿ ನಿಲ್ಲಿಸಿ, ಪಾಠದ ಸಂಖ್ಯೆ ಮತ್ತು ಪೂರ್ತಿ ವಾಕ್ಯದ ಸಮೇತ ಒಂದೊಂದಾಗಿ ಅವಳ ಮುಂದಿಡುತ್ತದೆ. ಅವಳು ಹೇಳಿದ್ದನ್ನು ಕೇಳಿದವರಿಗೇ ಒಯ್ದು ಮುಟ್ಟಿಸುತ್ತದೆ. ಸಂಜೆಯ ಹೊತ್ತಿಗೆ ಅದು ಕೆಲಸ ಮಾಡಿತು.

ಆಮೇಲಿನ ಆರು ದಿನ ಅವಳಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಮೊದಲು ಮೂರು ನಿಮಿಷಕ್ಕೊಂದು ಬರುತ್ತಿದ್ದ ಪ್ರಶ್ನೆ ಈಗ ಅರ್ಧ ನಿಮಿಷಕ್ಕೊಂದು. ಹೂಂ, ಹೂಂ, ಊಹೂಂ, ಹೂಂ. ವಾಕ್ಯ ಓದದೆ ಒಂದು ಸಲವೂ ಒತ್ತಲಿಲ್ಲ. ಗಂಟಲು ಕಟ್ಟಿತು, ಕಣ್ಣು ಉರಿಯಿತು. ಮನೆಯಲ್ಲಿ ಗಂಡ ಏನು ಕೇಳಿದರೂ ಕೈಸನ್ನೆಯಲ್ಲೇ ಉತ್ತರ. ಉಬ್ಬುಚುಕ್ಕಿ ಒತ್ತುವ ಯಂತ್ರ ಕೊನೆಯ ಮೂರು ದಿನ ಗಡಗಡ ಸದ್ದು ಮಾಡುತ್ತಲೇ ಇತ್ತು. ಅರ್ಜಿಯ ದಿನ ಬೆಳಿಗ್ಗೆ ಒಂಬತ್ತು ಪುಸ್ತಕ, ಒಂದೊಂದೂ ದಿಂಬಿನಷ್ಟು ದಪ್ಪ, ಶಾಲೆಯ ವ್ಯಾನು ಹತ್ತಿದವು. ಒಂಬತ್ತೂ ಮಕ್ಕಳು ಗಣಿತವೆಂದೇ ಬರೆಸಿದರು.

ಎರಡು ವಾರ ಕಳೆದು ಮುದ್ರಣಾಲಯಕ್ಕೆ ಫೋನ್ ಬಂತು. ಒಂಬತ್ತರಲ್ಲಿ ಒಬ್ಬ ಹುಡುಗಿ. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ. "ಎರಡನೇ ಪಾಠ, ಏಳನೇ ಲೆಕ್ಕ ತಪ್ಪಿದೆ ಆಂಟಿ. ಹನ್ನೆರಡರಲ್ಲಿ ಮೈನಸ್ ಐದನ್ನ ಕಳೆಯಿರಿ ಅಂತ. ಹಿಂದೆ ಉತ್ತರ ಏಳು ಅಂತ ಕೊಟ್ಟಿದೀರ. ನಂಗೆ ಹದಿನೇಳು ಬರ್ತಿದೆ."

ಹೂಂ ಅಕ್ಕನಿಗೆ ಆ ಸಾಲು ಕಣ್ಮುಂದೆ ಬಂತು. ಒಂದರ ಪಕ್ಕ ಒಂದು ಎರಡು ಗೆರೆ. ಒಂದಕ್ಕೆ ಊಹೂಂ ಎಂದುಬಿಟ್ಟೆನೇ? ಇಲ್ಲಿ ತಪ್ಪಿದ್ದರೆ ಇನ್ನೆಲ್ಲೆಲ್ಲಿ ತಪ್ಪಿದೆಯೋ? ಈ ಪುಸ್ತಕ ನಂಬಿ ಪರೀಕ್ಷೆಗೆ ಕೂರುವ ಮಕ್ಕಳ ಗತಿ ಏನು? "ಹಾಗೇ ಇರು ಪುಟ್ಟಿ," ಎಂದು ಫೋನ್ ಮೇಜಿನ ಮೇಲಿಟ್ಟು, ಉಳಿಸಿಕೊಂಡಿದ್ದ ಕರಡನ್ನು ಮೇಷ್ಟ್ರ ಮುಂದೆ ಹರವಿದಳು.

ಮೇಷ್ಟ್ರು ಆ ಸಾಲನ್ನು ಎರಡು ಸಲ ಸವರಿದರು. "ಕಳೆ, ಆವರಣ, ಮೈನಸ್ ಐದು. ಎರಡೂ ಚಿಹ್ನೆ ಸರಿಯಾಗಿದಾವೆ. ಉತ್ತರ ಏಳು ಅಂತಿದೆ. ಅಚ್ಚಿಂದು ನೋಡು."

ಅಚ್ಚಿನ ಪುಸ್ತಕ ತೆಗೆದು ಕೊನೆಯ ಪುಟಗಳಿಗೆ ಹೋದಳು. ಅಲ್ಲಿ ದಪ್ಪ ಅಕ್ಷರದಲ್ಲಿ ಏಳು ಎಂದೇ ಇತ್ತು. ಎರಡು ವರ್ಷದಿಂದ ಸಾವಿರಾರು ಮಕ್ಕಳು, ಅವರ ಟೀಚರುಗಳು, ಎಲ್ಲರೂ ಓದುತ್ತಿದ್ದ ಪುಸ್ತಕ. ಅವಳು ಮತ್ತೆ ಫೋನ್ ಎತ್ತಿಕೊಂಡಳು.

"ನಮ್ಮ ತಪ್ಪಲ್ಲ ಪುಟ್ಟಿ. ಮೂಲ ಪುಸ್ತಕದಲ್ಲೇ ತಪ್ಪಿದೆ."

"ಅಂದ್ರೆ ಹದಿನೇಳೇ ಸರಿ?"

"ಹದಿನೇಳೇ ಸರಿ."

"ಹಂಗಾದ್ರೆ ಕಣ್ಣು ಕಾಣೋ ಮಕ್ಕಳೆಲ್ಲ ತಪ್ಪೇ ಕಲೀತಿರ್ತಾರಲ್ಲ ಆಂಟಿ," ಎಂದಳು. "ಅವ್ರಿಗೆ ಯಾರು ಹೇಳ್ತಾರೆ?"

ಹೂಂ ಅಕ್ಕ ಅಚ್ಚಿನ ಪುಸ್ತಕದ ಮೊದಲ ಪುಟ ತಿರುವಿ ಪ್ರಕಾಶಕರ ಫೋನ್ ನಂಬರ್ ಹುಡುಕಿದಳು.

"ನೀನೇ ಹೇಳು," ಎಂದು, ಒಂದೊಂದೇ ಅಂಕಿಯನ್ನು ನಿಧಾನವಾಗಿ ಬರೆಸತೊಡಗಿದಳು.